ಬೂತಾಯಿ ಯಾರ ಪಾಲು? ಮೀನುಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮೀನುಗಾರಿಕೆ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಬೂತಾಯಿ (ಸಾರ್ಡೀನ್) ಮುಂತಾದ ಮೀನುಗಳ ಮರಿಗಳನ್ನು ಫಿಶ್‌ಮೀಲ್ (ಮೀನಿನ ಹಿಟ್ಟು) ಕಾರ್ಖಾನೆಗಳಿಗೆ ಸಾಗಿಸುವುದರಿಂದ ಕಡಲಿನ ಆಹಾರ ಸರಪಳಿಗೆ ಆಗುತ್ತಿರುವ ಹಾನಿಯ ಬಗ್ಗೆ.

ಮಾನ್ಯರೇ,

ನಾನು ಉಡುಪಿ ಜಿಲ್ಲೆಯ ಕಡಲತಡಿಯ ಊರೊಂದರವಳು. ಪದವಿಪೂರ್ವ ಕಾಲೇಜುಗಳಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ನನ್ನ ತಾಯಿ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿ ನಮ್ಮನ್ನು ಓದಿಸಿದರು. ಆದ್ದರಿಂದ ಈ ಪತ್ರವನ್ನು ಮೀನುಗಾರಿಕೆಯನ್ನು ಕಂಡರಾಗದವಳೊಬ್ಬಳ ದೂರು ಎಂದು ತಾವು ಭಾವಿಸಬಾರದು. ಕಡಲಿನಲ್ಲಿ ಯಾವ ಜೀವಿ ಯಾವುದನ್ನು ತಿಂದು ಬದುಕುತ್ತದೆ ಎಂಬ ಲೆಕ್ಕವನ್ನು ಪೂರ್ತಿ ಹೊರಗಿಟ್ಟು ನಾವು ಮೀನುಗಾರಿಕೆಯನ್ನು ನಿಯಂತ್ರಿಸಲು ಹೊರಟಿದ್ದೇವೆ. ಆ ಲೆಕ್ಕ ಕಾನೂನಿನ ಒಳಗೆ ಬರಬೇಕು ಎಂಬುದು ನನ್ನ ಅರಿಕೆ.

ಮೊದಲು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು, ಸಮುದ್ರಪೂಜೆಯೂ ಆಗಿ, ಬೋಟುಗಳು ಭರದಿಂದ ಕಡಲಿಗೆ ಇಳಿಯುತ್ತಿದ್ದ ಸಮಯ. ನಮ್ಮ ಜಿಲ್ಲೆಯ ಬಂದರೊಂದರ ದಕ್ಕೆಯಲ್ಲಿ (ಮೀನು ಇಳಿಸುವ ಕಟ್ಟೆಯಲ್ಲಿ) ಒಂದೇ ಬೋಟಿನಿಂದ ಎರಡು ಬಗೆಯ ಮೀನು ಇಳಿಯುತ್ತಿತ್ತು. ಒಂದು, ಮಂಜುಗಡ್ಡೆಯ ಪುಡಿ ಹಾಕಿ ಕ್ರೇಟುಗಳಲ್ಲಿ ಜೋಡಿಸಿದ್ದ ಅಂಜಲ್ (ಸೀರ್ ಮೀನು), ಮಾಂಜಿ (ಪಾಂಫ್ರೆಟ್), ಬೊಂಡಾಸ್ (ಸ್ಕ್ವಿಡ್). ಇನ್ನೊಂದು, ಮಂಜುಗಡ್ಡೆಯ ಸೋಂಕೇ ಇಲ್ಲದೆ ಬೋಟಿನ ಹೊಟ್ಟೆಯಲ್ಲಿ ರಾಶಿ ಬಿದ್ದು ಅರೆಬರೆ ಕೊಳೆತಿದ್ದ ಸಣ್ಣ ಮೀನು. ಇದನ್ನು ಸಲಿಕೆಯಲ್ಲಿ ಎತ್ತಿ ನೇರವಾಗಿ ಲಾರಿಗೆ ಸುರಿಯುತ್ತಿದ್ದರು. ಆ ರಾಶಿಯಿಂದ ಒಂದು ಬೊಗಸೆ ತೆಗೆದು ನೆಲದ ಮೇಲೆ ಹರಡಿ ನೋಡಿದೆ. ಬೆರಳುದ್ದದ ಬೂತಾಯಿ, ಅದಕ್ಕಿಂತ ತುಸು ಉದ್ದದ ಬಂಗುಡೆ ಮರಿ, ದಾರದಂತಿದ್ದ ಪಾಂಬೊಲ್ (ರಿಬ್ಬನ್ ಮೀನು), ಕಣ್ಣು ಮಾತ್ರ ದೊಡ್ಡದಾಗಿ ಕಾಣುವ ಮದ್ಮಲ್ ಮರಿ, ಮಸಿ ಕಾರಿ ಸತ್ತ ಪುಟ್ಟ ಬೊಂಡಾಸ್, ಹೆಬ್ಬೆರಳಿನ ಉಗುರಿನಷ್ಟು ಅಗಲದ ಏಡಿ. ಚೀಲದಲ್ಲಿದ್ದ ಸ್ಕೇಲಿನ ಪಕ್ಕ ಬೂತಾಯಿಗಳನ್ನು ಇಟ್ಟರೆ ಹೆಚ್ಚಿನವು ಎಂಟು ಸೆಂಟಿಮೀಟರ್ ಮುಟ್ಟಲಿಲ್ಲ. ಬೂತಾಯಿ ಮೊಟ್ಟೆ ಇಡುವ ಹಂತಕ್ಕೆ ಬರುವುದು ಹದಿನೈದು ಸೆಂಟಿಮೀಟರಿನ ಆಸುಪಾಸಿನಲ್ಲಿ; ಹುಟ್ಟಿದ ವರ್ಷದ ಒಳಗೇ ಅದು ಅಷ್ಟು ಬೆಳೆಯಬಲ್ಲದು. ಆ ಲಾರಿಗೆ ಬಿದ್ದದ್ದು ಒಮ್ಮೆಯೂ ಮೊಟ್ಟೆ ಇಡದ ಮೀನು.

ಇದನ್ನು ಬರೆದು ಸಂಬಂಧಪಟ್ಟ ಕಚೇರಿಯೊಂದಕ್ಕೆ ಕೊಟ್ಟಾಗ ಬಂದ ಉತ್ತರ ಸೌಜನ್ಯದ್ದೇ ಆಗಿತ್ತು: ನಿಷೇಧದ ಅವಧಿ ಮುಗಿದಿದೆ, ಬೋಟಿಗೆ ಪರವಾನಗಿ ಇದೆ, ನಾವೇನು ಮಾಡುವುದು? ಉತ್ತರಿಸಿದವರನ್ನು ನಾನು ದೂರುವುದಿಲ್ಲ. ನಮ್ಮ ನಿಯಂತ್ರಣವೆಂಬುದು ಕಾರ್ಯತಃ ದಿನಗಳನ್ನು ಎಣಿಸುತ್ತದೆ, ಬೋಟುಗಳನ್ನು ಎಣಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಕಳೆದರೆ ಆಯಿತು. ಆಮೇಲೆ ಬಲೆಗೆ ಏನು ಬಿತ್ತು, ಅದರ ವಯಸ್ಸೆಷ್ಟು, ಅದನ್ನು ತಿಂದು ಬದುಕಬೇಕಾಗಿದ್ದ ಜೀವಿಗಳು ಯಾವುವು ಎಂದು ದಕ್ಕೆಯಲ್ಲಿ ನಿಂತು ಕೇಳುವವರನ್ನು ನಾನು ಕಂಡಿಲ್ಲ.

ಬೂತಾಯಿ, ಕುಂದಾಪುರದ ಕಡೆಯವರ ಬೈಗೆ, ಕಡಲಿನ ಲೆಕ್ಕದಲ್ಲಿ ಎಷ್ಟು ದೊಡ್ಡ ಮೀನು ಎಂಬುದನ್ನು ತಾವು ಗಮನಿಸಬೇಕೆಂದು ಕೋರುತ್ತೇನೆ. ಅಡುಗೆಮನೆಯಲ್ಲಿ ಬೂತಾಯಿ ಶುಚಿ ಮಾಡುವಾಗ ಕಿವಿರಿನ ಮುಚ್ಚಳ ಎತ್ತಿ ನೋಡಿದರೆ, ಕೆಂಪು ಕಿವಿರಿನ ಒಳಬದಿಗೆ ಒತ್ತೊತ್ತಾಗಿ ನಿಂತ ಕೂದಲೆಳೆಯಂಥ ಮುಳ್ಳುಗಳ ಸಾಲು ಕಾಣುತ್ತದೆ. ಅದು ಬೂತಾಯಿಯ ಜರಡಿ. ಬಾಯಿಯಿಂದ ಒಳಬಂದ ನೀರು ಕಿವಿರಿನ ಮೂಲಕ ಹೊರಹೋಗುವಾಗ ಬರಿಗಣ್ಣಿಗೆ ಕಾಣದ ಡಯಾಟಮ್‌ನಂಥ ಸಸ್ಯಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಜೀವಿಗಳು, ಅದರಲ್ಲಿ ಉಳಿಯುತ್ತವೆ. ಬೆಳೆದ ಬೂತಾಯಿಯ ಮುಖ್ಯ ಆಹಾರ ಇದೇ. ಮರಿಯಾಗಿದ್ದಾಗ ಅದು ಪ್ರಾಣಿಪ್ಲವಕಗಳನ್ನೂ (ತೇಲುವ ಪುಟ್ಟ ಪ್ರಾಣಿಗಳನ್ನೂ) ಸಾಕಷ್ಟು ತಿನ್ನುತ್ತದೆ. ಸೂರ್ಯನ ಬೆಳಕಿನಿಂದ ನೀರಿನಲ್ಲಿ ತಯಾರಾದ ಆಹಾರವನ್ನು ನಡುವೆ ಇನ್ನೊಂದು ಪ್ರಾಣಿಯ ಹಂಗಿಲ್ಲದೆ ಮೀನಿನ ಮಾಂಸವಾಗಿ ಮಾಡುವ ಇಂಥ ಮೀನುಗಳು ನಮ್ಮ ಕಡಲಿನಲ್ಲಿ ಹೆಚ್ಚಿಲ್ಲ. ಬಂಗುಡೆಯೂ ಬಾಯಿ ತೆರೆದು ಈಜುತ್ತಾ ಪ್ಲವಕಗಳನ್ನೇ ಸೋಸಿ ತಿನ್ನುತ್ತದೆ, ಆದರೆ ಅದರ ಹೊಟ್ಟೆಯಲ್ಲಿ ಕಾಪೆಪಾಡ್‌ನಂಥ ಪ್ರಾಣಿಪ್ಲವಕಗಳ ಪಾಲು ದೊಡ್ಡದು.

ಇವುಗಳ ಮೇಲೆ ನಿಂತವರು ಅನೇಕರು. ಅಂಜಲ್ ಸೀಳುವಾಗ ಅದರ ಹೊಟ್ಟೆಯಲ್ಲಿ ಇಡೀ ಬೂತಾಯಿ ಸಿಕ್ಕದ್ದನ್ನು ನಮ್ಮ ಮೀನು ಮಾರುಕಟ್ಟೆಯ ಹೆಂಗಸರು ಎಲ್ಲರೂ ನೋಡಿದ್ದಾರೆ. ಅಂಜಲ್ ಬದುಕುವುದೇ ಬೂತಾಯಿ, ಕೊಲ್ಲತರು, ಬೊಳಂಜಿರ್‌ಗಳಂಥ ಗುಂಪು ಮೀನುಗಳ ಮೇಲೆ. ಪಾಂಬೊಲ್ ಅವುಗಳ ಜೊತೆಗೆ ಸಿಗಡಿಯನ್ನೂ, ಹಸಿವಾದರೆ ತನ್ನದೇ ಜಾತಿಯ ಮರಿಯನ್ನೂ ಬಿಡುವುದಿಲ್ಲ. ಕೇದರ್ (ಟ್ಯೂನಾ), ತಾಟೆ (ಶಾರ್ಕ್), ಬೊಂಡಾಸ್, ಡಾಲ್ಫಿನ್, ದಕ್ಕೆಯ ಮೇಲೆ ಸುತ್ತುವ ಗರುಡ, ಚಳಿಗಾಲಕ್ಕೆ ದೂರದಿಂದ ನಮ್ಮ ಕಿನಾರೆಗೆ ಬರುವ ಕಡಲಕ್ಕಿಗಳು, ಇವುಗಳೆಲ್ಲ ಕೈ ಚಾಚುವುದು ಆ ಸಣ್ಣ ಮೀನಿನ ಗುಂಪಿಗೇ. ಸರಪಳಿ ಎಂದು ನಾವು ಪಾಠದಲ್ಲಿ ಹೇಳುವುದು ಮಕ್ಕಳಿಗೆ ತಿಳಿಯಲಿ ಎಂದು. ಕಡಲಿನಲ್ಲಿ ಇರುವುದು ಒಂದಕ್ಕೊಂದು ಹೆಣೆದುಕೊಂಡ ಜಾಲ. ಆ ಜಾಲದ ಕೆಳಭಾಗದಲ್ಲಿ ಲೆಕ್ಕವಿಲ್ಲದಷ್ಟು ಜಾತಿಯ ಪ್ಲವಕಗಳಿವೆ, ಮೇಲ್ಭಾಗದಲ್ಲಿ ಹತ್ತಾರು ಬಗೆಯ ಬೇಟೆಗಾರ ಜೀವಿಗಳಿವೆ. ಇವೆರಡನ್ನೂ ಕೂಡಿಸುವ ನಡುಭಾಗದಲ್ಲಿ ಮಾತ್ರ ಬೂತಾಯಿ, ಬಂಗುಡೆ, ಬೊಳಂಜಿರ್‌ನಂಥ ಕೆಲವೇ ಜಾತಿಗಳಿವೆ. ನಮ್ಮ ಸಲಿಕೆ ಬೀಳುತ್ತಿರುವುದು ಸರಿಯಾಗಿ ಆ ನಡುಭಾಗಕ್ಕೆ.

ಮಳೆಗಾಲದಲ್ಲಿ ನಮ್ಮ ಕಡಲು ಬರಿದೆ ಕೆರಳಿ ಕೂತಿರುವುದಿಲ್ಲ. ಮುಂಗಾರಿನ ಗಾಳಿ ಕರಾವಳಿಯ ಉದ್ದಕ್ಕೂ ಬೀಸಿ ಮೇಲಿನ ನೀರನ್ನು ದಡದಿಂದ ಆಚೆ ದೂಡುವಾಗ, ಆ ಜಾಗವನ್ನು ತುಂಬಲು ಆಳದ ತಣ್ಣನೆಯ, ಪೋಷಕಾಂಶಗಳಿಂದ ಕೂಡಿದ ನೀರು ಮೇಲೇಳುತ್ತದೆ. ಇತ್ತ ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಸೀತಾ, ಪಂಚಗಂಗಾವಳಿ ನದಿಗಳು ಘಟ್ಟದ ಮಣ್ಣಿನ ಸಾರವನ್ನು ಅಳಿವೆಗೆ ತಂದು ಸುರಿಯುತ್ತವೆ. ಬಿಸಿಲು ಬಿದ್ದಲ್ಲೆಲ್ಲ ಡಯಾಟಮ್‌ಗಳು ಹೇರಳವಾಗಿ ಬೆಳೆಯುತ್ತವೆ. ಬೂತಾಯಿ ಮೊಟ್ಟೆ ಇಡುವುದು ಇದೇ ಹೊತ್ತಿನಲ್ಲಿ; ಮರಿಗಳಿಗೆ ಹುಟ್ಟಿದ ಕೂಡಲೇ ಊಟ ಸಿಗಬೇಕಲ್ಲ. ಹೀಗೆ ಹುಟ್ಟಿದ ಮರಿಗಳು ಗುಂಪು ಗುಂಪಾಗಿ ದಡದ ಹತ್ತಿರ ಬರುವುದು ಮಳೆ ಕಡಿಮೆಯಾಗುತ್ತಾ ಬಂದಾಗ, ಅಂದರೆ ನಿಷೇಧ ಮುಗಿದು ಬೋಟುಗಳು ಇಳಿದ ಮೇಲೆ. ತಾಯಿ ಮೀನನ್ನು ಎರಡು ತಿಂಗಳು ಕಾಪಾಡಿ, ಅದರ ಮರಿಯನ್ನು ಮೂರನೆಯ, ನಾಲ್ಕನೆಯ ತಿಂಗಳಲ್ಲಿ ಲಾರಿಗೆ ತುಂಬುವ ಈ ವ್ಯವಸ್ಥೆಯಲ್ಲಿ ನಿಷೇಧದ ಫಲ ಯಾರಿಗೆ ಸಿಕ್ಕಿತು ಎಂದು ತಾವೇ ಹೇಳಬೇಕು.

ಇನ್ನು ಶಕ್ತಿಯ ಲೆಕ್ಕ. ಅಮೆರಿಕದ ರೇಮಂಡ್ ಲಿಂಡೆಮನ್ 1942ರಲ್ಲಿ ಒಂದು ಸರೋವರದ ಅಧ್ಯಯನದಿಂದ ಆಹಾರದ ಹಂತಗಳ ನಡುವೆ ಶಕ್ತಿ ಹೇಗೆ ಸಾಗುತ್ತದೆ ಎಂಬುದನ್ನು ತೋರಿಸಿಕೊಟ್ಟರು. ಒಂದು ಹಂತದಿಂದ ಮುಂದಿನದಕ್ಕೆ ಸರಾಸರಿ ಹತ್ತನೆಯ ಒಂದು ಪಾಲು ಮಾತ್ರ ದಾಟುತ್ತದೆ, ಉಳಿದದ್ದು ಉಸಿರಾಟ, ಓಡಾಟ, ಮಲಗಳಲ್ಲಿ ಹೋಗುತ್ತದೆ ಎಂಬುದು ಈಗ ಶಾಲಾ ಪಠ್ಯದಲ್ಲೇ ಇದೆ. ಜಾಗದಿಂದ ಜಾಗಕ್ಕೆ ಈ ಪ್ರಮಾಣ ವ್ಯತ್ಯಾಸವಾಗುತ್ತದೆ, ಆದರೆ ಅಂದಾಜಿಗೆ ಸಾಕು. ತಮ್ಮ ಊಟದ ತಟ್ಟೆಗೆ ಬರುವ ಒಂದು ಕಿಲೋ ಅಂಜಲ್‌ನ ಹಿಂದೆ ಸುಮಾರು ಹತ್ತು ಕಿಲೋ ಸಣ್ಣ ಮೀನು ಇದೆ. ಆ ಹತ್ತು ಕಿಲೋ ದಕ್ಕೆಯಿಂದ ಲಾರಿ ಹತ್ತಿ ಹೋದಾಗ ಕಡಲಿನಲ್ಲಿ ಇಲ್ಲವಾಗುವುದು ಸಣ್ಣ ಮೀನಷ್ಟೇ ಅಲ್ಲ, ಮುಂದೆ ಬರಬೇಕಾಗಿದ್ದ ಆ ಅಂಜಲ್ ಕೂಡ. ಇದಕ್ಕೆ ಬೆಳವಣಿಗೆಯ ನಷ್ಟವನ್ನೂ ಸೇರಿಸಿ. ಮೀನಿನ ಉದ್ದ ಇಮ್ಮಡಿಯಾದರೆ ತೂಕ ಸುಮಾರು ಎಂಟು ಪಟ್ಟಾಗುತ್ತದೆ. ಎಂಟು ಸೆಂಟಿಮೀಟರಿನ ಬೂತಾಯಿ ಹದಿನಾರಕ್ಕೆ ಬೆಳೆಯುವ ದಾರಿಯಲ್ಲಿ ಬಹುಪಾಲು ಇನ್ನೊಬ್ಬರ ಬಾಯಿಗೆ ಬೀಳುತ್ತದೆ, ನಿಜ. ಆದರೆ ಅಂಜಲ್‌ನ ಬಾಯಿಗೆ ಬಿದ್ದ ಬೂತಾಯಿ ನಷ್ಟದ ಖಾತೆಗೆ ಸೇರುವುದಿಲ್ಲ.

ಲಾರಿ ಹತ್ತಿದ ಮೀನು ಎಲ್ಲಿಗೆ ಹೋಗುತ್ತದೆ? ನಾಲ್ಕರಿಂದ ಐದು ಕಿಲೋ ಹಸಿ ಮೀನನ್ನು ಬೇಯಿಸಿ, ಹಿಂಡಿ, ಎಣ್ಣೆ ತೆಗೆದು, ಒಣಗಿಸಿ ಪುಡಿ ಮಾಡಿದರೆ ಒಂದು ಕಿಲೋ ಮೀನಿನ ಹಿಟ್ಟು ಸಿಗುತ್ತದೆ. ಆ ಹಿಟ್ಟು ಸಿಗಡಿ ಕೆರೆಗಳ, ಮೀನು ಸಾಕಣೆಯ, ಕೋಳಿ ಫಾರ್ಮುಗಳ ಮೇವಿಗೆ ಸೇರುತ್ತದೆ. 2009ರಲ್ಲಿ ನಮ್ಮ ದೇಶದಲ್ಲಿ ವೆನ್ನಾಮಿ ಸಿಗಡಿಯ ಸಾಕಣೆಗೆ ಅನುಮತಿ ಸಿಕ್ಕ ಬಳಿಕ ಈ ಮೇವಿನ ಬೇಡಿಕೆ ಹೇಗೆ ಏರಿತೆಂಬುದು ಇಲಾಖೆಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಕಡಲಿನ ಅಂಜಲ್ ತಿನ್ನಬೇಕಾಗಿದ್ದ ಬೂತಾಯಿಯನ್ನು ಈಗ ಪೂರ್ವ ಕರಾವಳಿಯ ಕೆರೆಯೊಂದರ ಸಿಗಡಿ ತಿನ್ನುತ್ತಿದೆ. ಆ ಸಿಗಡಿ ವಿದೇಶಕ್ಕೆ ಹೋಗಿ ಡಾಲರ್ ತರುತ್ತದೆ ಎಂಬ ವಾದವನ್ನು ನಾನು ಕೇಳಿದ್ದೇನೆ. ಡಾಲರ್ ಯಾರಿಗೆ ಬಂತೋ, ಅಂಜಲ್ ಕಳೆದುಕೊಂಡವರು ಮಾತ್ರ ನಾವು. ಕಾರ್ಖಾನೆಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. ಸಂಸ್ಕರಣಾ ಘಟಕಗಳಲ್ಲಿ ಮೀನು ಶುಚಿ ಮಾಡಿ ಉಳಿದ ತಲೆ, ಕರುಳು, ಮುಳ್ಳುಗಳಿಗೆ ಅವುಗಳಿಗಿಂತ ಒಳ್ಳೆಯ ದಾರಿ ಇಲ್ಲ. ಕಾರ್ಗಿಲ್ ಮೀನಿನಂಥವು ರಾಶಿಗಟ್ಟಲೆ ಬಂದು ತಿನ್ನುವವರಿಲ್ಲದಿದ್ದಾಗಲೂ ಅಲ್ಲಿಗೆ ಹೋಗಲಿ. ಆದರೆ ಉಳಿಕೆಯನ್ನು ನಂಬಿ ಶುರುವಾಗಬೇಕಾದ ಉದ್ಯಮ ಮರಿ ಮೀನನ್ನು ನಂಬಿ ನಡೆಯುವಂತಾದರೆ, ಮರಿ ಹಿಡಿಯುವುದಕ್ಕೇ ಒಂದು ಮಾರುಕಟ್ಟೆ ಹುಟ್ಟಿಕೊಳ್ಳುತ್ತದೆ. ಆಗಿರುವುದು ಇದೇ. (ಆ ಲಾರಿಗಳಿಂದ ಹೆದ್ದಾರಿಯುದ್ದಕ್ಕೂ ಸೋರುವ ನೀರಿನಲ್ಲಿ ಜಾರಿ ಬೀಳುವ ಬೈಕ್ ಸವಾರರ ವಿಚಾರ ಬೇರೆಯೇ ಒಂದು ಪತ್ರಕ್ಕಾಗುವಷ್ಟಿದೆ.)

ಬೆಳಕಿನ ಮೀನುಗಾರಿಕೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ಕೇಂದ್ರ ಸರ್ಕಾರವು 2017ರ ನವೆಂಬರ್‌ನಲ್ಲಿ ಎಲ್‌ಇಡಿ ಮುಂತಾದ ಕೃತಕ ಬೆಳಕು ಹಾಯಿಸಿ ಮೀನು ಹಿಡಿಯುವುದನ್ನೂ ಬುಲ್‌ಟ್ರಾಲ್ ಅನ್ನೂ (ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವುದನ್ನೂ) ನಿಷೇಧಿಸಿತು. ರಾತ್ರಿ ಪ್ರಾಣಿಪ್ಲವಕಗಳು ಆಳದಿಂದ ಮೇಲ್ಪದರಕ್ಕೆ ಬರುವುದು ಕಡಲಿನ ನಿತ್ಯದ ನಡೆ. ಅಲ್ಲಿ ಪ್ರಖರ ಬೆಳಕು ಬಿಟ್ಟರೆ ಪ್ಲವಕಗಳು ಅಲ್ಲಿಗೆ ಮುತ್ತುತ್ತವೆ, ಅವುಗಳ ಹಿಂದೆ ಸಣ್ಣ ಮೀನು, ಅದರ ಹಿಂದೆ ಬೊಂಡಾಸ್ ಮತ್ತು ದೊಡ್ಡ ಮೀನು ಬರುತ್ತವೆ. ತಿನ್ನುವವರೂ ತಿನ್ನಿಸಿಕೊಳ್ಳುವವರೂ ಒಂದೇ ಬಲೆಯ ಸುತ್ತಿನೊಳಗೆ ಸಿಗುತ್ತಾರೆ; ಮರಿ, ತಾಯಿ ಎಂಬ ಆಯ್ಕೆಗೆ ಅಲ್ಲಿ ಆಸ್ಪದವೇ ಇಲ್ಲ. ಇಷ್ಟು ಸ್ಪಷ್ಟವಾದ ನಿಷೇಧವಿದ್ದೂ ಕತ್ತಲೆಯ ರಾತ್ರಿಗಳಲ್ಲಿ ದಡದಿಂದ ಕಾಣುವ ಬೆಳಕಿನ ಬಗ್ಗೆ ನಾಡದೋಣಿಯವರು ಪ್ರತಿ ವರ್ಷವೂ ದೂರು ಕೊಡಬೇಕಾಗಿ ಬರುತ್ತಿದೆ.

ಇದೆಲ್ಲ ಅತಿಯಾಯಿತು, ಕಡಲು ಎಂದಾದರೂ ಬರಿದಾಗುವುದುಂಟೇ ಎನ್ನುವವರಿದ್ದಾರೆ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಬೂತಾಯಿ ದಡಕ್ಕೆ ಬಂದಿತ್ತು. 2021ರಲ್ಲಿ ಬಂದದ್ದು ಮೂರು ಸಾವಿರದ ಚಿಲ್ಲರೆ ಟನ್. ಕಡಲಿನ ಬಿಸಿ, ಎಲ್ ನಿನೊ, ಮಳೆಯ ಏರುಪೇರು, ಅತಿಯಾದ ಹಿಡಿತ, ಹೀಗೆ ಕಾರಣಗಳು ಹಲವು ಎಂದು ವಿಜ್ಞಾನಿಗಳು ಹೇಳುತ್ತಾರೆ, ಮತ್ತು ಬೂತಾಯಿ ಹಿಂದೆಯೂ ಹೀಗೆ ಏರಿಳಿದ ಮೀನು. ಎಲ್ ನಿನೊವನ್ನು ತಡೆಯುವುದು ಬೆಂಗಳೂರಿನಿಂದ ಸಾಧ್ಯವಿಲ್ಲ. ಸಲಿಕೆಯನ್ನು ತಡೆಯುವುದು ಸಾಧ್ಯ. ನಮ್ಮ ದಕ್ಷಿಣ ಕನ್ನಡವೂ ಸೇರಿದ್ದ ಆಗಿನ ಮದ್ರಾಸ್ ಪ್ರಾಂತ್ಯದ ಸರ್ಕಾರ, ಬೂತಾಯಿ ಕಡಿಮೆಯಾದಾಗ, 1943ರಲ್ಲೇ ಮರಿ ಬೂತಾಯಿಯನ್ನೂ ಮೊಟ್ಟೆ ಹೊತ್ತದ್ದನ್ನೂ ಹಿಡಿಯುವುದರ ಮೇಲೆ ನಿರ್ಬಂಧ ಹೇರಿತ್ತು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಡಲಾಯಿತು. ಯುದ್ಧದ ನಡುವೆ, ಬ್ರಿಟಿಷರ ಕಾಲದಲ್ಲಿ ಹೊಳೆದ ವಿವೇಕ ನಮಗೆ ಇಂದು ಹೊಳೆಯದಿರಲು ಕಾರಣ ಕಾಣೆ.

ಆಫ್ರಿಕದ ನಮೀಬಿಯದ ಕಡಲಿನಲ್ಲಿ ಆದದ್ದು ಇನ್ನೂ ಕಠೋರ. ಅಲ್ಲಿಯೂ ಆಳದ ತಣ್ಣೀರು ಮೇಲೇಳುತ್ತದೆ, ಅಲ್ಲಿಯೂ ಬೂತಾಯಿಯ ಬಂಧುವಾದ ಮೀನು ಹೇರಳವಾಗಿತ್ತು. ಕಳೆದ ಶತಮಾನದ ಅರುವತ್ತು, ಎಪ್ಪತ್ತರ ದಶಕಗಳಲ್ಲಿ ಅದನ್ನು ಮಿತಿಮೀರಿ ಹಿಡಿದರು. ಮೀನು ಹೋಯಿತು, ಅದನ್ನು ತಿನ್ನುತ್ತಿದ್ದ ಪೆಂಗ್ವಿನ್, ಗ್ಯಾನೆಟ್ ಹಕ್ಕಿಗಳು ಕುಸಿದವು, ಖಾಲಿಯಾದ ಜಾಗಕ್ಕೆ ಜೆಲ್ಲಿ ಮೀನು ಬಂತು. ಅಲ್ಲಿ ಜೆಲ್ಲಿ ಮೀನುಗಳ ಒಟ್ಟು ತೂಕ ಮೀನುಗಳ ಒಟ್ಟು ತೂಕವನ್ನು ಮೀರಿದೆ ಎಂದು 2006ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ತಿಳಿಸಿತು. ಪ್ಲವಕಗಳ ಜೊತೆಗೆ ಮೀನಿನ ಮೊಟ್ಟೆ, ಮರಿಗಳನ್ನೂ ತಿನ್ನುವ ಜೆಲ್ಲಿ ಮೀನು ಒಮ್ಮೆ ತಳವೂರಿದರೆ ಹಳೆಯ ಮೀನು ಮರಳಿ ಬರುವುದು ಸುಲಭವಲ್ಲ. ಜೆಲ್ಲಿ ಮೀನು ತುಂಬಿದ ಬಲೆಯನ್ನು ಎಳೆದವರಿಗೆ, ಮೈ ತುರಿಸಿಕೊಂಡು ಬಲೆ ತೊಳೆದವರಿಗೆ, ನಾನು ಹೇಳುವುದು ಏನೆಂದು ಬೇರೆ ವಿವರಿಸಬೇಕಾಗಿಲ್ಲ.

ಬೋಟಿನವರ ಕಷ್ಟವನ್ನು ಮುಚ್ಚಿಟ್ಟು ಬರೆದರೆ ಈ ಪತ್ರಕ್ಕೆ ಬೆಲೆ ಇರುವುದಿಲ್ಲ. ಡೀಸೆಲ್, ಮಂಜುಗಡ್ಡೆ, ರೇಷನ್, ಕಲಾಸಿಗಳ ಪಾಲು, ಬ್ಯಾಂಕಿನ ಕಂತು ಎಲ್ಲವೂ ಮುಂಚಿತವಾಗಿಯೇ ಖರ್ಚಾಗಿರುತ್ತದೆ. ದೊಡ್ಡ ಮೀನು ಸಿಗದೆ ಹಿಂದಿರುಗುವ ಬೋಟಿಗೆ ಫಿಶ್‌ಮೀಲ್‌ನ ಹಣವೇ ಡೀಸೆಲಿನ ಹಣ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಬೋಟಿನ ಮಾಲೀಕ. "ಟೀಚರ್, ನೀವು ಹೇಳುವುದು ಸರಿ. ಆದರೆ ನಾನು ಬಿಟ್ಟರೆ ಹಿಂದೆ ಬರುವ ಬೋಟಿನವ ಬಿಡ್ತಾನಾ?" ಎಂದು ಅವನು ಕೇಳಿದ. ಬಲೆಗೆ ಬಿದ್ದ ಮರಿ ಮೇಲೆ ಬರುವಾಗಲೇ ಬಹುಪಾಲು ಸತ್ತಿರುತ್ತದೆ, ಮತ್ತೆ ನೀರಿಗೆ ಎಸೆದು ಪುಣ್ಯ ಕಟ್ಟಿಕೊಳ್ಳುವಂತಿಲ್ಲ ಎಂಬುದೂ ಅವನ ಮಾತೇ. ಅವನು ಹೇಳಿದ್ದು ಸರಿಯಾದ್ದರಿಂದಲೇ ನಾನು ಅವನಿಗಲ್ಲ, ತಮಗೆ ಬರೆಯುತ್ತಿದ್ದೇನೆ. ಒಬ್ಬ ಮಾಲೀಕನ ಸಜ್ಜನಿಕೆಯಿಂದ ಆಗದ್ದು ಎಲ್ಲರಿಗೂ ಒಂದೇ ಆಗಿ ಅನ್ವಯವಾಗುವ ನಿಯಮದಿಂದ ಆಗುತ್ತದೆ. ಇನ್ನು ಬುಟ್ಟಿ ಹೊತ್ತು ಮಾರುವ ಹೆಂಗಸರ ಕಡೆಗೂ ನೋಡಿ: ಹಿಂದೆ ದಕ್ಕೆಯಲ್ಲಿ ಸಣ್ಣ ಮೀನನ್ನು ಏಲಂನಲ್ಲಿ ಹಿಡಿದು, ಹೊಯ್ಗೆಯ ಮೇಲೆ ಒಣಗಿಸಿ ಮಳೆಗಾಲಕ್ಕೆ ಒಣಮೀನು ಮಾಡುತ್ತಿದ್ದವರು, ಈಗ ಇಡೀ ರಾಶಿಗೆ ಒಮ್ಮೆಲೇ ಬೆಲೆ ಕಟ್ಟುವ ಲಾರಿಯವರ ಎದುರು ಬರಿಗೈಯಲ್ಲಿ ನಿಲ್ಲಬೇಕಾಗಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಇವು. ಕೇರಳವು 2015ರಲ್ಲಿ ಹದಿನಾಲ್ಕು ಜಾತಿಗಳಿಗೆ ಕನಿಷ್ಠ ಅಳತೆ ಗೊತ್ತುಮಾಡಿ, ಮುಂದೆ ಅದನ್ನು 58 ಜಾತಿಗಳಿಗೆ ವಿಸ್ತರಿಸಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14, ಪಾಂಬೊಲ್‌ಗೆ 46. ಮೀನಿಗೆ ರಾಜ್ಯದ ಗಡಿ ಗೊತ್ತಿಲ್ಲ, ತಲಪಾಡಿ ದಾಟಿದ ಕೂಡಲೇ ಅದರ ಬೆಳವಣಿಗೆಯೂ ಬದಲಾಗುವುದಿಲ್ಲ. ಇಂಥ ಅಳತೆಗಳು ನಮ್ಮ ಪ್ರತಿ ದಕ್ಕೆಯಲ್ಲೂ ಊರ ಹೆಸರುಗಳಲ್ಲಿ, ಚಿತ್ರ ಸಹಿತ ಕಾಣುವಂತಿರಲಿ. ಮೀನು ಇಳಿಯುವಾಗ ಅಳೆಯುವವರು ಅಲ್ಲಿರಲಿ. ಸಿಬ್ಬಂದಿ ಇಲ್ಲ ಎಂಬ ಉತ್ತರ ಬರುವುದೆಂದು ನನಗೆ ಗೊತ್ತಿದೆ. 1969ರಿಂದ ಮೀನುಗಾರಿಕೆ ಕಾಲೇಜು ಇರುವ ಊರು ಮಂಗಳೂರು. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಅಲ್ಲೇ ಇದೆ. ವಿದ್ಯಾರ್ಥಿಗಳನ್ನು ಋತುವಿನ ಮೊದಲ ತಿಂಗಳುಗಳಲ್ಲಿ ದಕ್ಕೆಗೆ ಕಳಿಸಿ ಅಳೆಯಿಸಿದರೆ ಅವರಿಗೆ ಪಾಠವೂ ಆಗುತ್ತದೆ, ಇಲಾಖೆಗೆ ಅಂಕಿಅಂಶವೂ ಸಿಗುತ್ತದೆ.

ಆದರೆ ದಕ್ಕೆಗಿಂತ ಕಾರ್ಖಾನೆಯ ಬಾಗಿಲಿನಲ್ಲಿ ತಡೆಯುವುದು ಸುಲಭ ಮತ್ತು ನ್ಯಾಯ. ಬೋಟುಗಳು ಸಾವಿರಾರು, ಕಾರ್ಖಾನೆಗಳು ಅವುಗಳ ಮುಂದೆ ತೀರಾ ಕಡಿಮೆ. ಒಳಗೆ ಬರುವ ಪ್ರತಿ ಲಾರಿಯ ಮೀನಿನ ಜಾತಿ, ಅಳತೆ, ತೂಕ, ಬಂದ ಬಂದರು ಇವುಗಳನ್ನು ದಾಖಲಿಸುವುದು ಕಾರ್ಖಾನೆಯ ಪರವಾನಗಿಯ ಷರತ್ತಾಗಬೇಕು. ಆ ದಾಖಲೆ ಪ್ರತಿ ತಿಂಗಳು ಜನರಿಗೆ ನೋಡಲು ಸಿಗಬೇಕು. ಮರಿ ಬೂತಾಯಿ, ಮರಿ ಬಂಗುಡೆ ಕೊಳ್ಳುವ ಕಾರ್ಖಾನೆಗೆ ದಂಡ ಬೀಳಬೇಕು. ಕೊಳ್ಳುವವರಿಲ್ಲದ ಮರಿಯನ್ನು ಯಾವ ಬೋಟಿನವನೂ ಡೀಸೆಲ್ ಸುಟ್ಟು ಹಿಡಿಯುವುದಿಲ್ಲ. ಇದರ ಜೊತೆಗೆ ಟ್ರಾಲ್ ಬಲೆಯ (ಬೋಟು ಎಳೆದೊಯ್ಯುವ ಬಲೆಯ) ತುದಿಯ ಚೀಲಕ್ಕೆ ಚೌಕ ಕಣ್ಣಿನ ಬಲೆಯನ್ನು ಕಡ್ಡಾಯವಾಗಿ ಹಾಕಿಸಿ. ಎಳೆಯುವಾಗ ವಜ್ರಾಕಾರದ ಕಣ್ಣು ಮುಚ್ಚಿಕೊಳ್ಳುತ್ತದೆ, ಚೌಕ ಕಣ್ಣು ತೆರೆದೇ ಇರುತ್ತದೆ, ಮರಿ ನುಸುಳಿ ಹೋಗುತ್ತದೆ. ಬಲೆ ಬದಲಿಸುವ ಖರ್ಚಿನಲ್ಲಿ ಸರ್ಕಾರವೂ ಪಾಲು ಹೊರಲಿ. ಕರರಹಿತ ಡೀಸೆಲ್ ಕೊಡುವ ಸರ್ಕಾರಕ್ಕೆ, ನಿಯಮ ಪಾಲಿಸಿದ ಬೋಟಿಗೆ ಅದನ್ನು ಪೂರ್ತಿ ಕೊಡುವ, ಮತ್ತೆ ಮತ್ತೆ ಮೀರಿದ ಬೋಟಿಗೆ ಕಡಿತ ಮಾಡುವ ಅಧಿಕಾರವೂ ಇದೆ.

ಕೊನೆಯದಾಗಿ, ಬೂತಾಯಿಯನ್ನು ಎಷ್ಟು ಹಿಡಿಯಬಹುದು ಎಂದು ಪ್ರತಿ ವರ್ಷ ಲೆಕ್ಕ ಹಾಕುವಾಗ ಅಂಜಲ್, ಕೇದರ್, ಡಾಲ್ಫಿನ್, ಹಕ್ಕಿಗಳಿಗೆ ಬಿಡಬೇಕಾದ ಪಾಲನ್ನು ಮೊದಲು ಕಳೆದು, ಉಳಿದದ್ದರಲ್ಲಿ ಮನುಷ್ಯರ ಪಾಲನ್ನು ನಿಗದಿಪಡಿಸಬೇಕು. ಸಣ್ಣ ಮೀನಿನ ಸಂಖ್ಯೆ ಅದರ ಗರಿಷ್ಠ ಮಟ್ಟದ ಮೂರನೆಯ ಒಂದು ಭಾಗಕ್ಕಿಂತ ಕೆಳಗಿಳಿದರೆ ಕಡಲಕ್ಕಿಗಳು ಮರಿ ಸಾಕಲಾರದೆ ಹೋಗುತ್ತವೆ ಎಂದು ಹಲವು ಕಡಲುಗಳ ದಾಖಲೆಗಳನ್ನು ಕಲೆಹಾಕಿ 2011ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ನಮ್ಮ ಕಡಲಿಗೆ ಆ ಪ್ರಮಾಣ ಎಷ್ಟಿರಬೇಕೆಂಬುದನ್ನು ಮಂಗಳೂರಿನ ವಿಜ್ಞಾನಿಗಳು, ಪರ್ಸಿನ್, ತ್ರಿಸೆವೆಂಟಿ, ಆಳಸಮುದ್ರ ಬೋಟುಗಳ ಪ್ರತಿನಿಧಿಗಳು, ನಾಡದೋಣಿಯವರು ಮತ್ತು ಮೀನು ಮಾರುವ ಮಹಿಳೆಯರು ಒಟ್ಟಿಗೆ ಕುಳಿತು ತೀರ್ಮಾನಿಸುವಂಥ ಸಮಿತಿಯೊಂದನ್ನು ತಾವು ರಚಿಸಬೇಕು. ಅದರ ಸಭೆ ಬೆಂಗಳೂರಿನಲ್ಲಿ ಅಲ್ಲ, ಮಲ್ಪೆಯಲ್ಲೋ ಮಂಗಳೂರಿನಲ್ಲೋ ನಡೆಯಲಿ.

ಬರುವ ಮುಂಗಾರಿನ ನಿಷೇಧ ಮುಗಿದು ಬೋಟುಗಳು ಇಳಿಯುವ ಮೊದಲೇ ಕನಿಷ್ಠ ಕಾರ್ಖಾನೆಗಳ ದಾಖಲೆಯ ಆದೇಶವಾದರೂ ಹೊರಡಬೇಕು ಎಂದು ಕೋರುತ್ತೇನೆ. ಈ ಪತ್ರಕ್ಕೆ ತಮ್ಮ ಉತ್ತರವೂ ಬಹಿರಂಗವಾಗಿಯೇ ಬರಲಿ.

ಗೌರವಪೂರ್ವಕವಾಗಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ,
ಉಡುಪಿ ಜಿಲ್ಲೆ.